ಮೇಜಿನ ಖಾನೆಯಲ್ಲಿಟ್ಟ ಕರಡಿಗೆ

ಕೊಟ್ರೇಶ್ ಎರಡು ವರ್ಷ ಗುರುಗಳ ಮುಂದೆ ಕೂತು ಸಮ್ಮೋಹನ ಚಿಕಿತ್ಸೆ ಕಲಿತವನು. ದಾವಣಗೆರೆಯ ವಿನೋಬನಗರದಲ್ಲಿ ಅವನದೊಂದು ಕೋಣೆ; ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು, ಕೆಳಗೆ ಒರಗುವ ಕುರ್ಚಿ. ಆ ಕುರ್ಚಿಯಿಂದ ಎಷ್ಟೋ ಜನ ಹಗುರಾಗಿ ಎದ್ದು ಹೋಗಿದ್ದರು. ಹೆತ್ತ ತಾಯಿ ಶಕುಂತಲಮ್ಮ ಮಾತ್ರ ಅವನ ಸಮ್ಮೋಹನಕ್ಕೆ ಒಳಗಾಗಲಿಲ್ಲ. ಗಂಡ ಲಿಂಗೈಕ್ಯರಾದಾಗಿನಿಂದ ಆಕೆಗೆ ನಿದ್ದೆಯಿಲ್ಲ. ಅವ್ವನಿಗೆ ತನ್ನ ವಿದ್ಯೆಯೇ ನಿದ್ದೆ ಕೊಡಬೇಕೆಂಬುದು ಮಗನ ಆಸೆ. ನಾಲ್ಕು ಸಲ ಕೂರಿಸಿದ್ದ. ನಾಲ್ಕು ಸಲವೂ ಆಕೆ ಕಣ್ಣು ಮುಚ್ಚಿಕೊಂಡೇ ಎಚ್ಚರವಿದ್ದಳು.

ಹರಿಹರದ ತಂಗಿಯ ಮನೆಗೆ ಹೋಗಿಬಂದ ಅವ್ವ ಒಂದು ದಿನ, "ಹಾಲೇಶಪ್ಪ ಕೂಡ್ರಿಸಿದಾಗ ತಾಸೊತ್ತು ನಿದ್ದೆ ಮಾಡಿದ್ನಪ್ಪ," ಎಂದಳು.

"ಯಾವ ಹಾಲೇಶಪ್ಪ?"

"ಟೇಲರ್ರು. ಯಾವ್ದೋ ಹಳೇ ಪುಸ್ತಕ ಓದಿ, ಕನ್ನಡಿ ಮುಂದೆ ಕೂತು ನಿನ್ನ ವಿದ್ಯೇನ ತಾನೇ ಕಲ್ತಾನಂತೆ."

ಕೊಟ್ರೇಶನಿಗೆ ಅಂದು ಅನ್ನ ಸೇರಲಿಲ್ಲ. ಅವ್ವ ನಿದ್ದೆ ಮಾಡಿದಳೆಂಬ ಸಂತೋಷ ಹುಡುಕಿದರೂ ಸಿಗಲಿಲ್ಲ. ಆ ಟೇಲರನ ಮೋಸ ಬಯಲಿಗೆಳೆಯಬೇಕೆಂದು, ಸೋಮವಾರ ತಾನೇ ಅವ್ವನನ್ನು ಹರಿಹರಕ್ಕೆ ಕರೆದೊಯ್ದ.

"ಬರ್ರಿ ಸಾರ್, ಕೂಡ್ರಿ," ಹಾಲೇಶಪ್ಪ ಕೊರಳಿನ ಟೇಪು ತೆಗೆದಿಟ್ಟ.

"ಯಾರ ಹತ್ರ ಕಲಿತ್ರಿ?"

"ನನಗ್ಯಾರು ಕಲಿಸ್ತಾರ್ರಿ! ಪುಸ್ತಕದಾಗೆ ಅರ್ಧ ತಿಳೀಲಿಲ್ಲ. ತಿಳೀದಿದ್ದನ್ನ ಬಂದೋರನ್ನೇ ಕೇಳ್ತೀನಿ." ಅವ್ವನ ಕಡೆ ತಿರುಗಿದ. "ಅಮ್ಮಾರೇ, ಬೆಳಿಗ್ಗೆ ಪೂಜೆಗೆ ಹೆಂಗೆ ಕೂಡ್ತೀರೋ ಹಂಗೇ ಕೂಡ್ರಿ."

ಅವ್ವ ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸಿದಳು.

"ನೋಡ್ತಾ ಇರ್ರಿ. ರೆಪ್ಪೆ ಭಾರ ಆದ್ರೆ ಆಗ್ಲಿ. ನೀವು ಹಿಡ್ಕಂಡಿಲ್ಲ, ಅದೇ ನಿಮ್ಮನ್ನ ಹಿಡ್ಕಂಡೈತೆ."

ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು. ಮುಷ್ಟಿ ಎದೆಗೆ ಬಂತು. ಅವ್ವ ನಿದ್ದೆಹೋದಳು.

ಕೊಟ್ರೇಶನಿಗೆ ತನ್ನ ಮೊದಲ ಪಾಠ ನೆನಪಾಯಿತು: ಕೊರಳಲ್ಲಿ ಭಾರವಿರಬಾರದು. "ಅದನ್ನೂ ತೆಗಿ ಅವ್ವಾ," ಎಂದು ಆ ನಾಲ್ಕು ಸಲವೂ ಕರಡಿಗೆಯನ್ನು ತಾನೇ ಇಸಿದುಕೊಂಡು, ವಿಸಿಟಿಂಗ್ ಕಾರ್ಡುಗಳ ಜೊತೆ ಮೇಜಿನ ಖಾನೆಗೆ ಹಾಕಿದ್ದ. ತಾನು ಲಿಂಗ ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು; ಅವ್ವನಿಗೆ ಅದು ಏನೆಂಬುದು ಹೊಳೆದಿರಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದ, "ಯಾಕವ್ವಾ ಹೇಳಲಿಲ್ಲ ನೀನು?"

"ನೀನು ಓದಿದೋನು, ಏನಂತ ಹೇಳ್ಲಿ? ಖಾನೆ ಮುಚ್ಚಿದ ಸದ್ದಿಗೇ ನನ್ನ ಜೀವ ಅದರೊಳಗೆ ಹೋಗಿಬಿಡ್ತಿತ್ತು."

ಮರುದಿನ ಮಧ್ಯಾಹ್ನ ಅವನು ಅವ್ವನನ್ನು ಮತ್ತೆ ತನ್ನ ಕುರ್ಚಿಯಲ್ಲಿ ಕೂರಿಸಿದ. ಆಕೆಯ ಕೈ ಕರಡಿಗೆಯ ಮೇಲೆ ಹೋಯಿತು. "ತೆಗೀಬೇಕೇನಪ್ಪ?"

"ಬ್ಯಾಡವ್ವ. ಪೂಜೆಗೆ ಕೂತಂಗೇ ಕೂಡು."

ಕಲಿತ ಮಾತುಗಳನ್ನೆಲ್ಲ ತಡಕಾಡಿದ. ಒಂದೂ ಆ ಅಂಗೈಗೆ ಒಗ್ಗುವಂತಿರಲಿಲ್ಲ. ಕೊನೆಗೆ ಹೇಳಿದ: "ನೀನು ಹಿಡ್ಕಂಡಿಲ್ಲವ್ವಾ, ಅದೇ ನಿನ್ನ ಹಿಡ್ಕಂಡೈತೆ."

ರೆಪ್ಪೆ ಇಳಿಯಿತು. "ಹ್ಞೂಂ... ಹಾಲೇಶಪ್ಪ ಅಂದಂಗೇ ಐತೆ," ಎಂದು ಗೊಣಗಿ ಅವ್ವ ನಿದ್ದೆಗೆ ಜಾರಿದಳು.

ಆ ಹೆಸರು ಎದೆಯಲ್ಲಿ ಚುಚ್ಚಿತು. ಕೊಟ್ರೇಶ್ ಅಲುಗಾಡದೆ, ಅವ್ವನ ಉಸಿರು ಕೇಳುತ್ತ ಕೂತ.