ಟ್ರಂಕಿನ ಬಟ್ಟೆ

"ನಿಜ ಹೇಳೇ, ಈ ಸಲ ಏನ್ ತಿಂದೆ?"

ಕುರುಬರಹಳ್ಳಿಯಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬೋರಮ್ಮ ಮಗಳನ್ನು ಇದೇ ಮಾತು ನಾಲ್ಕು ಸಲ ಕೇಳಿದ್ದಳು. ಚಿಕ್ಕಲಕ್ಷ್ಮಮ್ಮ ಹೆತ್ತು ಒಂಬತ್ತು ದಿನ. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಬಿಟ್ಟರೆ ಅವಳ ಬಾಯಿಗೆ ಬೇರೇನೂ ಬಿದ್ದಿರಲಿಲ್ಲ. ನೀರನ್ನೂ ಬೋರಮ್ಮನೇ ಅಳೆದು ಕೊಡುತ್ತಿದ್ದಳು.

"ನೀನ್ ಕೊಟ್ಟಿದ್ದೇ ತಿಂದಿದೀನಿ ಕಣವ್ವ."

"ಹೋದ ಸಲಾನೂ ಹಿಂಗೇ ಅಂದಿದ್ದೆ. ಆಮೇಲೆ ಹಲಸಿನ ತೊಳೆ ಆಚೆ ಬಂತು."

ಮಗಳು ಮಡಿಲ ಕೂಸಿಗೆ ಹೊದಿಕೆ ಎಳೆದಳು. ಎರಡು ವರ್ಷದ ಹಿಂದೆ ಅವಳ ಗಂಡುಮಗು ಹತ್ತನೇ ದಿನ ಮೈಯೆಲ್ಲ ಹಳದಿಯಾಗಿ ಸತ್ತಿತ್ತು. ಬಾಣಂತಿ ಎರಡು ತೊಳೆ ಹಲಸು ಕದ್ದು ತಿಂದಿದ್ದು ನಿಜ. ಆ ಎರಡು ತೊಳೆಯ ಕತೆಯನ್ನು ಬೋರಮ್ಮ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಹೆಗ್ಗನಹಳ್ಳಿಯ ಬೀಗರ ಮನೆಯಲ್ಲಿ ಹೇಳಿದ್ದಳು. ಅಳುತ್ತಲೇ ಹೇಳಿದ್ದಳು. ಆದರೆ ಒಬ್ಬರನ್ನೂ ಬಿಟ್ಟಿರಲಿಲ್ಲ.

ಈಗ ಮಡಿಲಲ್ಲಿದ್ದ ಗಂಡುಕೂಸಿಗೂ ಕಣ್ಣು ಹಳದಿ. ಅಂಗೈ ಸುಣ್ಣದಂತೆ ಬಿಳಿಚಿತ್ತು. ಹಾಲು ಚೀಪುವ ತ್ರಾಣವೂ ಇರಲಿಲ್ಲ. ಅಳಿಯ ಮರಿಯಪ್ಪ ಗಿರಣಿಯ ಕೆಲಸಕ್ಕೆ ರಜ ಹಾಕಿ ಬಂದು, "ಈ ಸಲ ಮಂತ್ರ ಬೇಡ, ಬರೆ ಹಾಕೋದೂ ಬೇಡ" ಎಂದು ಜಟಕಾ ಹತ್ತಿಸಿದ್ದ.

ಡಾಕ್ಟರ್ ಸೇತುರಾಮ ಮಗುವಿನ ರೆಪ್ಪೆ ಬಿಡಿಸಿ ನೋಡಿದರು. ಒದ್ದೆ ಬಟ್ಟೆ ತೋರಿಸಿ ಎಂದರು. ಅದರ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದಂಥ ಕಲೆ.

"ಬರೀ ಕಾಮಾಲೆ ಅಲ್ಲಮ್ಮ ಇದು. ರಕ್ತ ಮೈಯೊಳಗೇ ಒಡೀತಿದೆ. ನಾಟಿ ಔಷಧಿ ಏನಾದ್ರೂ ನೆಕ್ಕಿಸಿದ್ರಾ?"

"ಜೇನುತುಪ್ಪ ಬಿಟ್ರೆ ಏನಿಲ್ಲ ಸ್ವಾಮಿ."

ಮಗುವಿನ ಹಿಮ್ಮಡಿಯಿಂದ, ತಾಯಿ ತಂದೆಯ ತೋಳಿನಿಂದ ರಕ್ತ ತೆಗೆದುಕೊಂಡು ಹೋದ ಡಾಕ್ಟರು ಬಹಳ ಹೊತ್ತಿನ ಮೇಲೆ ಬಂದರು. "ತಾಯಿ ರಕ್ತಕ್ಕೂ ಮಗು ರಕ್ತಕ್ಕೂ ಜಗಳ ಇಲ್ಲ. ಆದ್ರೆ ಕೆಂಪು ಕಣಗಳು ಇಲಿ ಕಚ್ಚಿದ ರೊಟ್ಟಿ ಥರ ಆಗಿವೆ. ಏನೋ ವಿಷ ಸೋಕಿದೆ" ಎನ್ನುತ್ತ ಮಗುವಿನ ಎದೆ ಪರೀಕ್ಷಿಸಲು ಬಗ್ಗಿದವರು ಹಾಗೇ ನಿಂತರು. ತಲೆಯ ಕುಲಾವಿ ಬಿಚ್ಚಿ ಮೂಸಿದರು.

"ಈ ಬಟ್ಟೆ ಎಲ್ಲಿಟ್ಟಿದ್ರಿ?"

"ಟ್ರಂಕಲ್ಲಿ ಸ್ವಾಮಿ." ಬೋರಮ್ಮನಿಗೆ ಹೇಳಲು ಹೆಮ್ಮೆ. "ಹುಟ್ಟಿದ ಕೂಸಿಗೆ ಹೊಸಾದು ಹಾಕಬಾರ್ದಲ್ಲ. ಇವಳ ಹಿರೀಮಗಳು ಇದನ್ನೇ ತೊಟ್ಟು ಬೆಳೆದು ಗುಂಡುಕಲ್ಲಂಗೆ ಅವ್ಳೆ. ಬದುಕಿದ ಮಗೀನ ಬಟ್ಟೆ ಅಂತ ಒಗೆದು ಜ್ವಾಪಾನವಾಗಿ ಇಟ್ಟಿದ್ದೆ. ಹುಳ ಹಿಡೀದಂಗೆ ರಾಜಾಜಿನಗರದಿಂದ ಬಿಳೀ ಗುಳಿಗೆ ತರಿಸಿ ಹಾಕಿದ್ದೆ."

"ನುಸಿಗುಳಿಗೆ. ತೆಗೆದ ಮೇಲೆ ಮತ್ತೆ ಒಗೆದ್ರಾ?"

"ಒಗೆದಿದ್ದನ್ನ ಇನ್ನೇನ್ ಒಗೆಯೋದು?"

ಡಾಕ್ಟರು ಅಂಗಿ, ಹೊದಿಕೆ ಎಲ್ಲ ಕಿತ್ತು ಹೊರಗೆ ಹಾಕಿಸಿದರು. ಮಗುವಿನ ಮೈಯನ್ನು ಸೋಪು ಹಚ್ಚಿ ತೊಳೆಸಿದರು. ಆಮೇಲೆ ಹೇಳಿದರು: "ಆ ಗುಳಿಗೆ ವಾಸನೆ ಎಲ್ಲಾ ಮಕ್ಕಳಿಗೂ ಕೆಡುಕು ಮಾಡಲ್ಲ. ಕೆಲವರ ರಕ್ತ ಹುಟ್ಟಿನಿಂದಲೇ ನಾಜೂಕು. ಗಂಡುಮಕ್ಕಳಲ್ಲಿ ಜಾಸ್ತಿ. ಅಂಥವರ ರಕ್ತ ಅದು ಸೋಕಿದ್ರೆ ಒಡೆದುಹೋಗುತ್ತೆ. ಈಗ ಬೇರೆ ರಕ್ತ ಕೊಡಬೇಕು. ಅಪ್ಪನದು ಹೊಂದುತ್ತೆ."

ಮರಿಯಪ್ಪ ಎರಡೂ ತೋಳು ಚಾಚಿದ. "ಎಷ್ಟು ಬೇಕಾದ್ರೂ ತಗೊಳಿ ಸಾರ್."

"ಒಂದು ಕೈ ಸಾಕಪ್ಪ. ಕೂಸಿಗೆ ಒಂದು ಲೋಟಾನೂ ಬೇಡ."

ಬೋರಮ್ಮ ನಗಲಿಲ್ಲ. ಹೋದ ಸಲದ ಕೂಸನ್ನು ಮಣ್ಣು ಮಾಡಿದಾಗ ಅದರ ಮೈಮೇಲಿದ್ದದ್ದೂ ಇದೇ ಟ್ರಂಕಿನ ಅಂಗಿ. ಅವಳು ಡಾಕ್ಟರ ಹಿಂದೆಯೇ ವರಾಂಡಕ್ಕೆ ಹೋಗಿ ಅದನ್ನು ಹೇಳಿದಳು.

"ನೋಡದೆ ಹೇಳೋಕಾಗಲ್ಲ. ಇದರಿಂದಲೇ ಇರಬಹುದು."

"ಹಲಸಿನ ಹಣ್ಣಿಂದ ಅಲ್ವಾ?"

"ತಾಯಿ ಹಲಸಿನ ಹಣ್ಣು ತಿಂದ್ರೆ ಹಿಂಗಾಗಲ್ಲಮ್ಮ. ನಿಮಗೂ ಗುಳಿಗೆ ವಿಷಯ ಗೊತ್ತಿರಲಿಲ್ಲ ಬಿಡಿ."

ಗೊತ್ತಿರಲಿಲ್ಲ ಎನ್ನುವುದು ಬೋರಮ್ಮನಿಗೆ ಸಮಾಧಾನ ಕೊಡಲಿಲ್ಲ. ಹಾಗೆಂದು ಮಗಳಿಗೆ ಹೇಳುವ ಧೈರ್ಯವೂ ಬರಲಿಲ್ಲ. ಅವತ್ತು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಕೂಸು ಉಳಿದರೆ ಹೇಳೋಣ ಎಂದುಕೊಂಡಳು. ಮೂರನೇ ದಿನ ಒದ್ದೆ ಬಟ್ಟೆಯಲ್ಲಿ ಕಲೆ ಇರಲಿಲ್ಲ. ಕೂಸು ಕಿರುಚಿ ಅತ್ತು ಮೊಲೆಗೆ ಬಾಯಿ ಹಾಕಿತು. ಆಗಲೂ ಬೋರಮ್ಮ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಅವಳ ನಾದಿನಿ ಪಾಪಮ್ಮ ಗಂಜಿ ತಂದಳು. ಪಾತ್ರೆ ಕೆಳಗಿಡುವ ಮೊದಲೇ, "ಈ ಸಲಾನೂ ನಾಲಿಗೆ ಚಪಲಾನೇನೇ ಹುಡುಗಿ?" ಎಂದಳು.

ಚಿಕ್ಕಲಕ್ಷ್ಮಮ್ಮ ತಲೆ ಬಗ್ಗಿಸಿದಳು. ಎರಡು ವರ್ಷದಿಂದ ಬಗ್ಗಿಸಿ ಬಗ್ಗಿಸಿ ಅವಳಿಗೆ ಅದು ರೂಢಿಯಾಗಿತ್ತು. ಬೋರಮ್ಮನ ಕಣ್ಣಿಗೆ ಅದು ಬಿದ್ದದ್ದು ಇವತ್ತೇ.

"ಅವಳನ್ನ ಏನೂ ಅನ್ನಬೇಡ ಪಾಪಮ್ಮ. ಹಲಸು ತಿಂದಿದ್ದಕ್ಕೆ ಆ ಕೂಸು ಸಾಯಲಿಲ್ಲ. ನಾನು ತೊಡಿಸಿದ ಬಟ್ಟೆಯಿಂದ ಸತ್ತಿದ್ದು. ಗುಳಿಗೆ ಹಾಕಿದ್ದೆನಲ್ಲ, ಆ ಬಟ್ಟೆ." ಡಾಕ್ಟರು ಇರಬಹುದು ಎಂದಷ್ಟೇ ಹೇಳಿದ್ದರು. ಬೋರಮ್ಮ ಅದರ ಮರೆಗೆ ಹೋಗಲಿಲ್ಲ.

ಮಗಳು ತಲೆ ಎತ್ತಿದಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಬಂದ ದಿನಾನೇ."

"ಮೂರು ದಿನ ಸುಮ್ನಿದ್ದೆ."

"ಹೂಂ."

ಚಿಕ್ಕಲಕ್ಷ್ಮಮ್ಮ ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡಳು. ಅಳಲಿಲ್ಲ. "ಬಾವಿಕಟ್ಟೇಲೂ ಹೇಳು. ಸಂತೇಲೂ ಹೇಳು. ನಮ್ಮತ್ತೆ ಮನೇಗೆ ನೀನೇ ಹೋಗಿ ಹೇಳು. ಆಗ ಯಾರ್ಯಾರಿಗೆ ಹೇಳಿದ್ಯೋ ಅವರಿಗೆಲ್ಲಾ."

"ಹೇಳ್ತೀನಿ ಕಣವ್ವ."

ಪಾಪಮ್ಮ ಗಂಜಿಯ ಮುಚ್ಚಳ ತೆಗೆದಳು. "ಹೋಗ್ಲಿ ಬಿಡೇ. ನಂಗಂತೂ ಹೇಳಿದ್ಲಲ್ಲ."

"ನೀನೊಬ್ಬಳಾದೆ" ಎಂದಳು ಚಿಕ್ಕಲಕ್ಷ್ಮಮ್ಮ.