ಕೊಂಡಿ ಹಾಕಿದವರು

ಕೊಂಡಿ ಮತ್ತೆ ಬೆರಳಿನಿಂದ ಜಾರಿ ಹುಲ್ಲಿಗೆ ಬಿತ್ತು. ಪಟ್ಟಾಭಿರಾಮ ಅದನ್ನು ಹುಡುಕುವ ಮೊದಲು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿದ. ವೇದಾ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಗಂಡನಿಗೂ ಶಾಮಿಯಾನಕ್ಕೂ ನಡುವೆ ಬಂದು ನಿಂತಳು.

"ಚಳಿ ಕಣೇ," ಎಂದ ಅವನು. "ಈ ಊರಿನ ಚಳೀಲಿ ಬೆರಳೇ ಬಗ್ಗಲ್ಲ."

ಅರವತ್ತಾರರ ಫೆಬ್ರುವರಿ ಅದು, ಅಹಮದಾಬಾದಿನ ಬಿಸಿಲು ಆಗಲೇ ನೆತ್ತಿಗೆ ಚುರುಗುಟ್ಟುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದೆಲ್ಲ ಆಗಿದ್ದರೆ ವೇದಾ ಛೇಡಿಸುತ್ತಿದ್ದಳು. ಈಗ "ಹೌದು, ಚಳಿ" ಎಂದಳು.

ಸಂಶೋಧನಾ ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಪಟ್ಟಾಭಿರಾಮನ ವಿಮಾನ ಹಾರದಿದ್ದರೆ ಪಾಯಸವಿಲ್ಲದ ಮದುವೆಯೂಟ ಇದ್ದಂತೆ. ವಿಮಾನವೆಂದರೆ ಒಂದು ಮೊಳ ರೆಕ್ಕೆಯ, ಹಗುರವಾದ ಬಾಲ್ಸಾ ಮರದ ಪುಟ್ಟ ವಿಮಾನ. ಎಂಜಿನು ಮಾತ್ರ ನಿಜದ್ದು. ಮೈದಾನದ ನಡುವೆ ನಿಂತವನ ಕೈಯ ಹಿಡಿಕೆಯಿಂದ ಎರಡು ಉಕ್ಕಿನ ತಂತಿಗಳು ಹೊರಟು ರೆಕ್ಕೆಯ ತುದಿಗೆ ಸೇರುತ್ತವೆ. ಒಂದನ್ನೆಳೆದರೆ ಮೇಲೆ, ಇನ್ನೊಂದನ್ನೆಳೆದರೆ ಕೆಳಗೆ. ಹೀಗೆ ಅವನು ಗಿರಗಿರನೆ ತಿರುಗುತ್ತಿದ್ದರೆ ವಿಮಾನ ಅವನ ಸುತ್ತ ಹಾರುತ್ತದೆ. ಕೈಯ ತಂತಿಯನ್ನು ರೆಕ್ಕೆಯ ತಂತಿಗೆ ಕೂಡಿಸುವುದೇ ಈ ಕೊಂಡಿ. ಗಾತ್ರ ಹುಣಸೆಬೀಜದಷ್ಟು.

ಇಡೀ ವಿಮಾನಕ್ಕಿಂತ ಅದರ ಮೇಲೇ ಅವನಿಗೆ ಅಕ್ಕರೆ ಹೆಚ್ಚು. ಪೇಟೆಯಲ್ಲಿ ಸಿಗುವ ಮೀನುಗಾಳದ ಹಿತ್ತಾಳೆ ಕೊಂಡಿ ಎಳೆತಕ್ಕೆ ಬಾಯಿ ಬಿಡುತ್ತದೆ, ಸೇಫ್ಟಿ ಪಿನ್ನು ಸೀರೆಗೆ ಸರಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಗಡುಸಾದ ಪಿಯಾನೋ ತಂತಿಯನ್ನು ದುಂಡುಮೂತಿಯ ಇಕ್ಕಳದಲ್ಲಿ ತಾನೇ ಬಗ್ಗಿಸುತ್ತಿದ್ದ. ಮೂಲೆ ಚೂಪಾಗಬಾರದು, ಅಲ್ಲೇ ಮುರಿಯುತ್ತದೆ. ಒಂದು ತುದಿ ಕೊಕ್ಕೆ, ಇನ್ನೊಂದು ತುದಿ ನಾಲಿಗೆ. ನಾಲಿಗೆಯನ್ನು ಒತ್ತಿ ಕೊಕ್ಕೆಯ ಅಡಿಗೆ ಸಿಕ್ಕಿಸಿದರೆ ಭದ್ರ. ಸಿಕ್ಕಿಸದೆ ಬಿಟ್ಟರೂ ತಂತಿ ಬಿಗಿಯಾಗಿರುವ ತನಕ ನಿಂತಿರುತ್ತದೆ, ಸಡಿಲಾದ ಗಳಿಗೆಯಲ್ಲಿ ಕಳಚಿಕೊಳ್ಳುತ್ತದೆ. ಇದನ್ನೆಲ್ಲ ವೇದಾ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಕಳೆದ ದೀಪಾವಳಿಯ ಹೊತ್ತಿಗೆ ಅವನ ಬಲಗೈ ನಡುಗಲು ಶುರುವಾಗಿತ್ತು. ಡಾಕ್ಟರರು ಇದು ನರದ್ದು, ನಿಧಾನವಾಗಿ ಬಂದದ್ದು ನಿಧಾನವಾಗಿ ಹೆಚ್ಚುತ್ತದೆ ಎಂದರು. ಹೋಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಅಂದಿನಿಂದ ಗಂಡಹೆಂಡಿರ ಬಾಯಿಗೆ ಬೀಗ. ಸಂಸ್ಥೆಯ ವರ್ಕ್‌ಶಾಪಿನಲ್ಲಿ ಕೂದಲೆಳೆಯಷ್ಟು ಸೂಕ್ಷ್ಮದ ಉಪಕರಣ ಜೋಡಿಸುವವನು ಅವನು. ಕೈ ಹೋಯಿತೆಂದು ಗೊತ್ತಾದರೆ ಸ್ಟೋರ್ಸಿನಲ್ಲಿ ಮೊಳೆ ಎಣಿಸಲು ಕೂರಿಸುತ್ತಾರೆ. ಈಗಾಗಲೇ ಮುಖ್ಯಸ್ಥ ಪಂಡ್ಯಾ ಸಾಹೇಬರು ನಾಜೂಕಿನ ಕೆಲಸಗಳನ್ನು ಕರಾವಳಿ ಕಡೆಯ ಕಿರಿಯ ಸದಾಶಿವನ ಮೇಜಿಗೆ ಕಳಿಸತೊಡಗಿದ್ದರು. ಇವತ್ತು ಎಲ್ಲರೆದುರು ವಿಮಾನ ಹಾರಿಬಿಟ್ಟರೆ ಯಾರೂ ಸಂಶಯಪಡುವುದಿಲ್ಲ ಎಂಬುದು ಅವನ ಲೆಕ್ಕ. ವೇದಾಳಿಗೂ ಬೇರೆ ಲೆಕ್ಕ ತೋಚಿರಲಿಲ್ಲ.

"ನಾನು ಹಾಕ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಏನು, ಬಳೆ ಅಂದ್ಕೊಂಡ್ಯಾ?" ಎಂದು ಸಿಡುಕಿದ. ಕೊನೆಗೆ ಬೆನ್ನು ತಿರುಗಿಸಿ ಕೂತು ಹೇಗೋ ಎರಡೂ ಕೊಂಡಿ ಹಾಕಿದ. ಎದ್ದಾಗ ಹಣೆ ಬೆವತಿತ್ತು.

ಅವನು ನಡುವೆ ಹೋಗಿ ನಿಂತು ಹಿಡಿಕೆಯನ್ನು ಜಗ್ಗಿದ. ಹಾರಿಸುವ ಮೊದಲು ಹೀಗೆ ಎಳೆದು ನೋಡುವುದು ವಾಡಿಕೆ. ವೇದಾ ಮಂಡಿಯೂರಿ ವಿಮಾನವನ್ನು ಗಟ್ಟಿಯಾಗಿ ಹಿಡಿದಿದ್ದಳು, ಕೊಂಡಿಗಳು ತಡೆದವು. ಸದಾಶಿವ ಬಂದು ಪ್ರೊಪೆಲ್ಲರಿಗೆ ಬೆರಳು ಕೊಟ್ಟು ತಿರುಗಿಸಿದ. ಎಂಜಿನು ಕಿವಿ ಹರಿಯುವಂತೆ ಚೀರಿತು.

ಆಗ ಅವಳು ನೋಡಿದಳು. ಅದುರುತ್ತಿದ್ದ ರೆಕ್ಕೆಯ ಪಕ್ಕದಲ್ಲಿ ಒಂದು ಕೊಂಡಿಯ ನಾಲಿಗೆ ಹೊರಗೇ ಇತ್ತು.

ಕೈ ಬಿಡುವಂತಿಲ್ಲ, ಬಿಟ್ಟರೆ ವಿಮಾನ ಹೊರಟೇಹೋಗುತ್ತದೆ. "ರೀ," ಎಂದು ಕೂಗಿದಳು. "ರೀ!" ಮದುವೆಯಾದಂದಿನಿಂದ ಅವನನ್ನು ಕರೆದದ್ದು ಈ ಒಂದಕ್ಷರದಿಂದಲೇ. ಅಡುಗೆಮನೆಯಿಂದ ಪಡಸಾಲೆಗೆ ಸಾಕಾಗುತ್ತಿದ್ದ ಅದು ಆ ಗದ್ದಲದಲ್ಲಿ ಅವಳ ಕಿವಿಗೇ ಕೇಳಿಸಲಿಲ್ಲ. ಹೆಸರು ಹಿಡಿದು ಅರಚಿದ್ದರೆ ಮುಟ್ಟುತ್ತಿತ್ತೋ ಏನೋ, ಅದು ಅವಳ ಬಾಯಿಗೆ ಬರಲಿಲ್ಲ.

"ಎಂಥ ಆಯ್ತು ಅಕ್ಕ?" ಸದಾಶಿವ ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದ.

ಅವನು ಒಂದು ಬೆರಳು ಚಾಚಿದ್ದರೆ ನಾಲಿಗೆ ಒಳಗೆ ಕೂರುತ್ತಿತ್ತು. ಆದರೆ ಪಟ್ಟಾಭಿರಾಮನಂಥವನು ಕೊಂಡಿ ಸಿಕ್ಕಿಸದೆ ಬಿಟ್ಟನೆಂದರೆ ಇವನು ಯಾಕೆಂದು ಕೇಳದಿರುತ್ತಾನೆಯೇ? ಈಗ ಈ ಕೊಂಡಿಯನ್ನು ನೋಡಿದವನು ಸಂಜೆಗೆ ಆ ಕೈಯನ್ನು ನೋಡುತ್ತಾನೆ.

"ಏನಿಲ್ಲ," ಎಂದಳು.

ದೂರದಲ್ಲಿ ಪಟ್ಟಾಭಿರಾಮ ಕೈ ಮೇಲೆತ್ತಿದ. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಅವನು ಸಿಟ್ಟಿನಿಂದ ಮತ್ತೆ ಕೈಯೆತ್ತಿದ. ವೇದಾ ವಿಮಾನವನ್ನು ಬಿಟ್ಟಳು.

ಅದು ಚೆನ್ನಾಗಿಯೇ ಹಾರಿತು. ಶಾಮಿಯಾನದವರು ಚಪ್ಪಾಳೆ ತಟ್ಟಿದರು. ವೇದಾ ಮಂಡಿಯೂರಿದಲ್ಲೇ ಕೂತು ರಾಘವೇಂದ್ರ ಸ್ವಾಮಿಗಳಿಗೆ ಹರಕೆ ಹೊತ್ತಳು. ಮೇಲೆ ಮಾತ್ರ ಹೋಗಬೇಡಿ, ಅಲ್ಲಿ ತಂತಿ ಸಡಿಲಾಗುತ್ತದೆ, ನೇರಕ್ಕೆ ಸುತ್ತಿಸಿ ಇಳಿಸಿಬಿಡಿ ಎಂದು ಮನಸ್ಸಿನಲ್ಲೇ ಗಂಡನಿಗೆ ಗೋಗರೆದಳು. ನಡುವೆ ತಿರುಗುತ್ತಿದ್ದ ಅವನ ಮುಖ ಬಂದು ಬಂದು ಕಾಣುತ್ತಿತ್ತು. ಅವನು ನಗುತ್ತಿದ್ದ. ತಂತಿಯ ಎಳೆತದಲ್ಲಿ ಕೈಯ ನಡುಕ ಯಾರಿಗೂ ಕಾಣುತ್ತಿರಲಿಲ್ಲ, ಬಹುಶಃ ಅವನಿಗೂ. ಅಷ್ಟು ಖುಷಿಯಲ್ಲಿ ಅವನನ್ನು ನೋಡಿ ತಿಂಗಳುಗಳಾಗಿದ್ದವು. ಅವಳಿಗೆ ಅಳು ಬಂತು.

ಖುಷಿಯ ಭರದಲ್ಲಿ ಅವನು ವಿಮಾನವನ್ನು ನೆತ್ತಿಯ ಮೇಲಕ್ಕೆ ಏರಿಸಿದ. ಅಲ್ಲಿ ಒಂದು ಕ್ಷಣ ತಂತಿ ಸಡಿಲಾಯಿತು. ಮರುಕ್ಷಣ ವಿಮಾನ ಮೂತಿ ಕೆಳಗಾಗಿ ಬಂದು ಗಟ್ಟಿ ನೆಲಕ್ಕೆ ಬಡಿಯಿತು. ಎಂಜಿನು ನಿಂತಿತು.

ಎಲ್ಲರಿಗಿಂತ ಮೊದಲು ಓಡಿದವನು ಸದಾಶಿವ. ಚೂರುಗಳ ನಡುವಿನಿಂದ ರೆಕ್ಕೆಯ ತುದಿ ಎತ್ತಿ ಹಿಡಿದು, "ಕೊಂಡಿ ಬಿಚ್ಚಿಹೋಗಿದೆ ಮಾರಾಯ್ರೇ. ತುಂಡಾಗಿಲ್ಲ, ಸರಿ ಕೂತೇ ಇರ್ಲಿಲ್ಲ. ಯಾರು ಹಾಕಿದ್ದು ಇದನ್ನು?" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಅಷ್ಟರಲ್ಲಿ ಪಂಡ್ಯಾ ಸಾಹೇಬರೂ ಬಂದು ನಿಂತಿದ್ದರು, ಅವರ ಕಣ್ಣು ಪಟ್ಟಾಭಿರಾಮನ ಬಲಗೈಯ ಕಡೆಗಿತ್ತು. ಅವನು ಆ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ.

"ನಾನು ಹಾಕಿದ್ದು," ಎಂದಳು ವೇದಾ. ಸಾಹೇಬರಿಗೂ ತಿಳಿಯಲೆಂದು ತನ್ನ ಹರಕು ಹಿಂದಿಯಲ್ಲಿ ಮತ್ತೆ ಹೇಳಿದಳು. "ಮೈನೇ ಲಗಾಯಾ."

ಪಟ್ಟಾಭಿರಾಮ ಅವಳ ಕಡೆ ನೋಡಿದ. ಅಲ್ಲ ಎನ್ನುತ್ತಾನೆಂದು ಅವಳು ಕಾದಳು, ಅನ್ನದಿರಲಿ ಎಂದೂ ಬೇಡಿಕೊಂಡಳು. ಅವನು ಅನ್ನಲಿಲ್ಲ.

ಸಾಹೇಬರು ಜೋರಾಗಿ ನಕ್ಕುಬಿಟ್ಟರು. "ಅರೆ ಭಾಭೀಜಿ! ಯೇ ಚೂಡಿಯಾಂ ನಹೀಂ ಹೈ!" ಎಂದು, ಇದೇನು ಬಳೆಯಲ್ಲ ಎಂದು ಛೇಡಿಸಿ ಪಟ್ಟಾಭಿರಾಮನ ಭುಜ ತಟ್ಟಿದರು. ಏನೋ ಒಂದು ಭಾರ ಇಳಿದವರ ಹಾಗಿತ್ತು ಅವರ ದನಿ. ಬೇರೆಯವರಿಗೆ ಕೊಡಬೇಕೆಂದಿದ್ದ ಹೊಸ ದುರ್ಬೀನಿನ ಮಸೂರ ಕೂರಿಸುವ ಕೆಲಸವನ್ನು ಸೋಮವಾರದಿಂದ ನೀವೇ ಹಿಡಿಯಿರಿ, ಹೊರಗಿನಿಂದ ತರಿಸಿದ್ದು, ಇನ್ನೊಂದು ಸಿಗುವುದಿಲ್ಲ, ನಿಮ್ಮ ಕೈಯ ಮೇಲೆ ಮಾತ್ರ ನನಗೆ ನಂಬಿಕೆ ಎಂದರು.

"ಜರೂರ್ ಸಾಬ್," ಎಂದ ಪಟ್ಟಾಭಿರಾಮ.

ಮನೆಗೆ ಹೊರಟ ಬಸ್ಸು ನದಿಯ ಸೇತುವೆ ದಾಟುವಾಗ ಅವನು ಹೊರಗೆ ನೋಡುತ್ತಲೇ, "ಅವಸರ ಜಾಸ್ತಿ ನಿಂಗೆ. ಅದೇ ತೊಂದರೆ," ಎಂದ. ವೇದಾ ಅರ್ಥವಾಗದೆ ಅವನ ಮುಖ ನೋಡಿದಳು. ಅಲ್ಲಿ ತಮಾಷೆಯಿರಲಿಲ್ಲ, ಕೃತಜ್ಞತೆಯೂ ಇರಲಿಲ್ಲ. ಅವಳು ಕೊಟ್ಟ ಸುಳ್ಳನ್ನು ಅವನು ಆಗಲೇ ನಂಬತೊಡಗಿದ್ದ.

"ಹೂಂ," ಎಂದಳು.

ಮನೆಯಲ್ಲಿ ಊಟ ಮುಗಿದದ್ದೇ ಕರೆದ. "ಬಾ ಇಲ್ಲಿ, ಕೂತ್ಕೋ. ಇನ್ನೊಂದ್ಸಲ ಇಂಥ ತಪ್ಪಾಗ್ಬಾರ್ದು."

ಅವಳು ಕೈಯೊರೆಸಿಕೊಂಡು ಬಂದು ಚಾಪೆಯ ಮೇಲೆ ಎದುರಿಗೆ ಕೂತಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವನ ಕೈಗಳ ಮೇಲೆ ಬಿದ್ದಿತ್ತು. ತಂತಿಯ ಒಂದು ತುದಿಯನ್ನು ಅವಳಿಗೆ ಕೊಟ್ಟು, ಕುಣಿಕೆಯಿದ್ದ ಇನ್ನೊಂದು ತುದಿಯನ್ನೂ ಹೊಸ ಕೊಂಡಿಯನ್ನೂ ತಾನು ಹಿಡಿದ.

"ನೋಡು. ಮೊದಲು ಕೊಕ್ಕೆ ಕುಣಿಕೆಯೊಳಗೆ ಹೋಗ್ಬೇಕು. ಆಮೇಲೆ ನಾಲಿಗೆ ಒತ್ತಬೇಕು. ಟಕ್ ಅಂತ ಕೂರಬೇಕು. ಗೊತ್ತಾಯ್ತಾ?"

ಕೊಕ್ಕೆ ಕುಣಿಕೆಯ ಆಚೆಗೊಮ್ಮೆ ಈಚೆಗೊಮ್ಮೆ ಹೋಯಿತು, ಒಳಗೆ ಹೋಗಲಿಲ್ಲ. ಅವನು ಬಲಗೈಯ ಮಣಿಕಟ್ಟನ್ನು ಮಂಡಿಗೆ ಅದುಮಿ ಹಿಡಿದು ಮತ್ತೆ ಪ್ರಯತ್ನಿಸಿದ.

"ಗೊತ್ತಾಯ್ತು ಬಿಡಿ," ಎಂದಳು ವೇದಾ.

"ಏನು ಗೊತ್ತಾಯ್ತು? ನಾನಿನ್ನೂ ಹಾಕೇ ಇಲ್ಲ. ಅಲ್ಲಾಡಿಸ್ಬೇಡ, ಸರಿಯಾಗಿ ಹಿಡ್ಕೋ."

ಅವಳು ಅಲ್ಲಾಡಿಸಿರಲಿಲ್ಲ. ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನ ತುದಿಯಿಂದ ಹೊರಟ ನಡುಕ ತಂತಿಯಗುಂಟ ಸಣ್ಣಗೆ ಹರಿದು ಬಂದು ಅವಳ ಬೆರಳುಗಳನ್ನು ಮುಟ್ಟುತ್ತಿತ್ತು.