ಮೇಜಿನ ಕೆಳಗಿನ ಜಾಗ

ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ರಾತ್ರಿ ಚಾಪೆ ಹಾಸಿಕೊಳ್ಳಲು ದರ್ಜಿ ಅಂಗಡಿಯ ಮುದುಕ ಮಾಸ್ಟರು ಒಪ್ಪಿದ ದಿನ ಅವಳು ದೇವರಿಗೆ ಕೈಮುಗಿದು ಬಹಳ ಹೊತ್ತು ಅತ್ತಳು. ಅಲ್ಲಿಯವರೆಗೆ ಅಕ್ಕನ ಮನೆಯಲ್ಲಿದ್ದಳು. ಊಟಕ್ಕೆ ಕುಳಿತಾಗಲೆಲ್ಲ ಭಾವ ಮುಖ ಸಿಂಡರಿಸತೊಡಗಿದ ಮೇಲೆ ಅಕ್ಕನೇ ಅವಳ ಚೀಲವನ್ನು ಬಾಗಿಲ ಬಳಿ ತಂದಿಟ್ಟಿದ್ದಳು. ಗಂಡನ ಮನೆಗೆ ಹೋಗುವಂತಿರಲಿಲ್ಲ. ಅವನೂ ದರ್ಜಿಯೇ. ಹೊಲಿಗೆ ಸೊಟ್ಟಗಾದರೆ ಅಳತೆಯ ಕೋಲು ಅವಳ ಬೆರಳಿನ ಮೇಲೆ ಬೀಳುತ್ತಿತ್ತು, ನೆಟ್ಟಗಿದ್ದ ದಿನ ಬೆನ್ನಿನ ಮೇಲೆ.

ಮಾಸ್ಟರು ಹಾಸ್ಯದ ಮನುಷ್ಯ. ಇನ್ನು ತನ್ನ ಅಂಗಡಿಗೆ ಬೀಗ ಬೇಡ, ಬೀಗವೇ ಒಳಗೆ ಮಲಗುತ್ತದೆ ಎಂದು ಗಿರಾಕಿಗಳೆದುರು ನಗುತ್ತಿದ್ದರು. ಅವಳು ಅಂಚು ಹೊಲಿಯುವ ಕೆಲಸವನ್ನಷ್ಟೇ ಕೇಳಿ ಪಡೆದಿದ್ದಳು. ಗುಂಡಿ ತೂರಿಸುವ ಕಾಜಗಳನ್ನು ಮುಟ್ಟುತ್ತಿರಲಿಲ್ಲ. ಅದನ್ನು ಕಲಿಸಿದವನು ಗಂಡ. ಕೊನೆಯ ಗಂಟನ್ನು ಬಟ್ಟೆಯ ಒಳಮಡಿಕೆಗೆ ಎಳೆದು ಅಡಗಿಸುವ ರೀತಿ ಅವನದು. ಅವಳ ಕೈಗೆ ಬೇರೆ ರೀತಿ ಬರುತ್ತಿರಲಿಲ್ಲ.

ಒಂದು ದಿನ ಕಾಜ ಹಾಕುವವನು ಜ್ವರ ಬಂದು ಮಲಗಿದ. ಗಿರಾಕಿ ಅಂಗಿಗಾಗಿ ಬಾಗಿಲಲ್ಲೇ ನಿಂತಿದ್ದ. ಮಾಸ್ಟರು ಅವಳನ್ನು ಕೇಳಿಕೊಂಡರು. ಮಲಗಲು ಜಾಗ ಕೊಟ್ಟವರಿಗೆ ಇಲ್ಲವೆನ್ನಲಾಗದೆ ಅವಳು ಕಾಜ ಹಾಕಿಕೊಟ್ಟಳು.

ಆ ಅಂಗಿಯ ತೋಳು ಉದ್ದವಾಯಿತೆಂದು ಗಿರಾಕಿ ಅದನ್ನು ತನ್ನ ಮನೆಯ ಹತ್ತಿರದ ದರ್ಜಿಗೆ ಕೊಟ್ಟ. ಆ ದರ್ಜಿ ಅವಳ ಗಂಡ. ಕಾಜವನ್ನು ಬೆರಳಿನಿಂದ ಸವರಿ ನೋಡಿ, ಎಲ್ಲಿ ಹೊಲಿಸಿದ್ದೆಂದು ಕೇಳಿದನಂತೆ.

ಮರುದಿನ ಮಧ್ಯಾಹ್ನ ಗಂಡ ಅಂಗಡಿಗೆ ಬಂದ. ಕೂಗಾಡಲಿಲ್ಲ. ಮಾಸ್ಟರಿಗೆ ನಮಸ್ಕಾರ ಮಾಡಿದ.

"ನನ್ನ ಹೆಂಡ್ತಿ ಅಣ್ಣಾ. ಸಿಟ್ಟು ಮಾಡ್ಕೊಂಡು ಬಂದ್ಬಿಟ್ಟಿದ್ದಾಳೆ. ಆದ್ರೆ ಕೆಲಸ ನೋಡಿ, ಎಲ್ಲಾ ನಾನು ಕಲಿಸಿದ್ದೇ," ಎಂದು ನಕ್ಕ.

ಅವಳು ಮಾಸ್ಟರ ಮುಖ ನೋಡಿದಳು. ಅವರು ಕತ್ತರಿ ಕೆಳಗಿಟ್ಟರು.

"ಗಂಡ ಹೆಂಡ್ತಿ ಮಧ್ಯೆ ನಾನು ಬರಲ್ಲ ಕಣಮ್ಮ. ನೀನು ಯಾರೂ ಇಲ್ದೋಳು ಅಂತ ಜಾಗ ಕೊಟ್ಟಿದ್ದು."

"ನಂಗ್ಯಾರೂ ಇಲ್ಲ ಮಾಸ್ಟ್ರೇ," ಎಂದಳು. ಗಂಡ ಪಕ್ಕದಲ್ಲೇ ನಿಂತಿದ್ದ.

ಅವನು ಗಾಡಿ ಕರೆಯಲು ಬೀದಿಗಿಳಿದಾಗ ಅವಳು ಹಿಂದಿನ ಬಾಗಿಲಿನಿಂದ ಹೊರಬಿದ್ದಳು. ಬೆಳಕಿರುವಾಗಲೇ ಎಲ್ಲಾದರೂ ಒಂದು ಮೂಲೆ ಹಿಡಿಯಬೇಕಿತ್ತು. ದೊಡ್ಡಾಸ್ಪತ್ರೆಯ ಜಗಲಿಯಲ್ಲಿ ರೋಗಿಗಳ ಕಡೆಯ ಹೆಂಗಸರು ಕುಳಿತಿದ್ದರು. ಅವರ ನಡುವೆ ನುಸುಳಿ ಕುಳಿತಳು. ಆಯಾ ಬಂದು ಯಾರ ಕಡೆಯವಳೆಂದು ವಿಚಾರಿಸಿದಳು. ತಾಯಿ ಒಳಗಿದ್ದಾಳೆ ಎಂದು, ಎಂದೋ ತೀರಿಹೋದ ತಾಯಿಯ ಹೆಸರನ್ನು ಹೇಳಿದಳು. ಆ ಹೆಸರಿನ ರೋಗಿ ಇದ್ದಾಳೆಯೇ ಎಂದು ಆಯಾ ನೋಡಿಬರಲು ಒಳಗೆ ಹೋದಳು. ಅವಳು ಕಣ್ಣು ಮುಚ್ಚಿ, ತಾಯಿ ಅಲ್ಲಿರಲಿ ಎಂದು ದೇವರನ್ನು ಬೇಡುತ್ತಾ ಕುಳಿತಳು.